ಮೊದಲು ಸೆರೆಂಗೆಟಿ, ಆಮೇಲೆ ಜಾಂಜಿಬಾರ್: ಹನ್ನೊಂದು ದಿನದ ಟಾಂಜಾನಿಯಾ ಪ್ರವಾಸ ಹೊಂದಿಸುವ ಬಗೆ

ಆಫ್ರಿಕಾದಲ್ಲಿ ಸಿಂಹ, ಆನೆ ನೋಡಿಕೊಂಡು ಹಾಗೇ ಸಮುದ್ರದ ದಡದಲ್ಲಿ ನಾಲ್ಕು ದಿನ ಕಾಲು ಚಾಚಿ ಕೂತು ಬರಬೇಕು, ಒಂದೇ ರಜೆಯಲ್ಲಿ ಆಗುತ್ತಾ? ಎಷ್ಟು ದಿನ ಬೇಕು? ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ? ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ಇವು. ಉತ್ತರ: ಆಗುತ್ತದೆ, ಹತ್ತು ರಾತ್ರಿ ಬೇಕು, ಊಟ ಸಿಗುತ್ತದೆ. ಆದರೆ ಈ ಪ್ರವಾಸ ಕೆಡುವುದು ಪ್ರಾಣಿ ಕಾಣದೆ ಇರುವುದರಿಂದಲ್ಲ, ಗಂಟೆಗಳ ಲೆಕ್ಕ ತಪ್ಪುವುದರಿಂದ. ಪರ್ಮಿಟ್ ಮುಗಿಯುವ ಗಂಟೆ, ಸಣ್ಣ ವಿಮಾನದಲ್ಲಿ ಒಯ್ಯಬಹುದಾದ ಲಗೇಜಿನ ಕಿಲೋ, ಸಮುದ್ರ ಹಿಂದೆ ಸರಿಯುವ ಹೊತ್ತು ಈ ಮೂರನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಿದರೆ ಉಳಿದದ್ದು ಸಲೀಸು.

ಇಲ್ಲಿ ಹೇಳಿರುವುದು ಟಾಂಜಾನಿಯಾ ಮಾತ್ರ: ಸೆರೆಂಗೆಟಿ ಅಲ್ಲಿನ ದೊಡ್ಡ ವನ್ಯಜೀವಿ ಉದ್ಯಾನ, ಜಾಂಜಿಬಾರ್ ಅಲ್ಲಿನ ದ್ವೀಪ. ಕೀನ್ಯಾದಲ್ಲಿ ಮಸಾಯಿ ಮಾರಾ ನೋಡಿ ಡಿಯಾನಿ ಬೀಚಿಗೆ ಹೋಗುವುದೂ ಒಳ್ಳೆಯ ಜೋಡಿಯೇ, ಆದರೆ ಜುಲೈನಿಂದ ಡಿಸೆಂಬರ್‌ವರೆಗೆ ಮಾರಾದ ಪ್ರವೇಶ ಶುಲ್ಕವೇ ತಲಾ ದಿನಕ್ಕೆ 200 ಡಾಲರ್. ಎರಡೂ ದೇಶ ಒಟ್ಟಿಗೆ ಮಾಡುತ್ತೇವೆ ಎನ್ನುವವರಿಗೆ ಒಂದು ಮಾತು: ನಕ್ಷೆಯಲ್ಲಿ ಸೆರೆಂಗೆಟಿ ಮತ್ತು ಮಾರಾ ಅಕ್ಕಪಕ್ಕ ಅಂಟಿಕೊಂಡಿವೆ, ನಡುವಿನ ಗಡಿ ದಾಟಲು ಪ್ರವಾಸಿಗರಿಗೆ ಬಿಡುವುದಿಲ್ಲ. ವೈಲ್ಡ್‌ಬೀಸ್ಟ್‌ಗಳು (ಹುಲ್ಲೆಯ ಜಾತಿಗೆ ಸೇರಿದ ದೊಡ್ಡ ಪ್ರಾಣಿಗಳು) ದಾಟುತ್ತವೆ, ನೀವು ಸುತ್ತಿಕೊಂಡು ಹೋಗಬೇಕು.

1. ಮೊದಲು ತಿಂಗಳು ಗೊತ್ತು ಮಾಡಿ

ಹೋಟೆಲ್ ನೋಡುವುದಕ್ಕೂ ಮೊದಲು ತಿಂಗಳು. ಸೆರೆಂಗೆಟಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಝೀಬ್ರಾಗಳು, ಮಳೆ ಮತ್ತು ಹುಲ್ಲಿನ ಹಿಂದೆ ವರ್ಷವಿಡೀ ಸುತ್ತುತ್ತಲೇ ಇರುತ್ತವೆ. ‘ಮೈಗ್ರೇಶನ್’ ಎನ್ನುವುದು ಒಂದು ವಾರದ ಜಾತ್ರೆಯಲ್ಲ, ಹನ್ನೆರಡು ತಿಂಗಳ ಸುತ್ತಾಟ. ನೀವು ಹೋದಾಗ ಮಂದೆ ಎಲ್ಲಿರುತ್ತದೆ ಎನ್ನುವುದೇ ಪ್ರಶ್ನೆ.

ಜನವರಿ ಕೊನೆಯಿಂದ ಮಾರ್ಚ್‌ವರೆಗೆ ದಕ್ಷಿಣದ ಎನ್‌ಡುಟು ಬಯಲಿನಲ್ಲಿ ಮರಿ ಹಾಕುವ ಕಾಲ. ಸಾವಿರಗಟ್ಟಲೆ ಕರುಗಳು, ಅವುಗಳ ಹಿಂದೆ ಚೀತಾ, ಸಿಂಹ, ಕತ್ತೆಕಿರುಬ. ಮೇ ಮತ್ತು ಜೂನ್‌ನಲ್ಲಿ ಮಂದೆ ಪಶ್ಚಿಮದ ಗ್ರುಮೆಟಿ ನದಿಯ ಕಡೆ. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಉತ್ತರ ತುದಿಯ ಕೊಗಾಟೆಂಡೆ, ಅಲ್ಲಿ ಮೊಸಳೆ ತುಂಬಿದ ಮಾರಾ ನದಿ ದಾಟುವ ದೃಶ್ಯ. ನವೆಂಬರ್ ಹೊತ್ತಿಗೆ ಮತ್ತೆ ದಕ್ಷಿಣಕ್ಕೆ ಮುಖ. ನಡುವಿನ ಸೆರೊನೆರಾ ಪ್ರದೇಶದಲ್ಲಿ ಮಂದೆ ಇಲ್ಲದಿದ್ದರೂ ಸಿಂಹ, ಚಿರತೆಗಳಿಗೆ ಬರವಿಲ್ಲ, ಅವು ತಮ್ಮ ಜಾಗ ಬಿಟ್ಟು ಹೋಗುವುದಿಲ್ಲ.

ಮಳೆಗಾಲ ಎರಡು. ಮಾರ್ಚ್ ಕೊನೆಯಿಂದ ಮೇವರೆಗಿನ ದೊಡ್ಡ ಮಳೆಗೆ ‘ಮಸಿಕಾ’, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಬಿಟ್ಟು ಬಿಟ್ಟು ಬರುವ ಮಳೆಗೆ ‘ವುಲಿ’ ಎಂದು ಸ್ವಾಹಿಲಿಯಲ್ಲಿ ಹೆಸರು. ನಮಗೆ ತೊಡಕಾಗುವುದು ಇಲ್ಲೇ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್–ಮೇ, ಅಲ್ಲಿ ಅದೇ ಮಸಿಕಾ. ದರ ಕಡಿಮೆ ಎಂದು ಆಗ ಬುಕ್ ಮಾಡಿದರೆ ಕಾಡಿನ ಭಾಗ ಹೇಗೋ ನಡೆಯುತ್ತದೆ, ಜಾಂಜಿಬಾರ್ ಭಾಗ ಛತ್ರಿಯ ಕೆಳಗೆ ಕಳೆಯುತ್ತದೆ, ಎಷ್ಟೋ ಕ್ಯಾಂಪ್‌ಗಳು ಬಾಗಿಲು ಹಾಕಿರುತ್ತವೆ. ಕರ್ನಾಟಕದವರಿಗೆ ಹೇಳಿ ಮಾಡಿಸಿದ್ದು ದಸರಾ ರಜೆ: ನದಿ ದಾಟುವುದು ಇನ್ನೂ ಮುಗಿದಿರುವುದಿಲ್ಲ, ಟರಂಗೀರೆ ಉದ್ಯಾನದಲ್ಲಿ ಆನೆಗಳು ನೀರಿಗೆ ಗುಂಪು ಕಟ್ಟಿರುತ್ತವೆ, ಸಮುದ್ರವೂ ಶಾಂತ. ಎರಡನೆಯ ಆಯ್ಕೆ ಫೆಬ್ರವರಿ.

2. ರೂಟ್ ಮತ್ತು ರಾತ್ರಿಗಳ ಲೆಕ್ಕ

ಕಾಡು ಮೊದಲು, ಕಡಲು ಆಮೇಲೆ. ಇದರಲ್ಲಿ ರಾಜಿ ಬೇಡ. ಸಫಾರಿ ಎಂದರೆ ಬೆಳಗಿನ ಐದೂವರೆಗೆ ಏಳುವುದು, ದಿನಕ್ಕೆ ಆರೇಳು ಗಂಟೆ ಕುಲುಕಾಟ, ಮೂಗಿನ ತುಂಬ ಧೂಳು. ಅದು ಮುಗಿದ ಮೇಲೆ ಕಡಲು ಸಿಕ್ಕರೆ ವಿಶ್ರಾಂತಿ. ಉಲ್ಟಾ ಮಾಡಿದರೆ ಮನೆಗೆ ಮರಳಿದ ಮೇಲೆ ಇನ್ನೊಂದು ರಜೆ ಬೇಕಾಗುತ್ತದೆ. ಸ್ಕೂಬಾ ಡೈವಿಂಗ್ ಯೋಚನೆ ಇರುವವರಿಗಂತೂ ಇನ್ನೊಂದು ಕಾರಣ: ಡೈವ್ ಮಾಡಿದ ಬೆನ್ನಿಗೆ ವಿಮಾನ ಹತ್ತುವುದು, ಎನ್‌ಗೊರೊಂಗೊರೊ ಎಂಬ ಹಳೆಯ ಜ್ವಾಲಾಮುಖಿ ಕುಳಿಯ 2,300 ಮೀಟರ್ ಎತ್ತರದ ಅಂಚಿನಲ್ಲಿ ಮಲಗುವುದು ದೇಹಕ್ಕೆ ಒಳ್ಳೆಯದಲ್ಲ.

ಹತ್ತು ರಾತ್ರಿಯ ಚೌಕಟ್ಟು ಹೀಗಿರಲಿ:

ದಿನ 1: ಕಿಲಿಮಂಜಾರೊ ವಿಮಾನ ನಿಲ್ದಾಣ, ಅರುಷಾದಲ್ಲಿ ರಾತ್ರಿ.
ದಿನ 2: ಟರಂಗೀರೆ. ಅರುಷಾದಿಂದ ಎರಡು ಗಂಟೆ, ಡಾಂಬರು ರಸ್ತೆ. ರಾತ್ರಿ ಕರಾಟು ಊರಿನಲ್ಲಿ.
ದಿನ 3: ಎನ್‌ಗೊರೊಂಗೊರೊ ಅಂಚಿನ ಮೇಲಿಂದ ಹಾದು ನಾಬಿ ಹಿಲ್ ಗೇಟಿನ ಮೂಲಕ ಸೆರೆಂಗೆಟಿ. ರಾತ್ರಿ ಸೆರೊನೆರಾ ಸುತ್ತಮುತ್ತ.
ದಿನ 4: ಇಡೀ ದಿನ ಸೆರೆಂಗೆಟಿ.
ದಿನ 5: ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನದೊಳಗೆ ಹೊರಗೆ. ರಾತ್ರಿ ಎನ್‌ಗೊರೊಂಗೊರೊ ಅಂಚಿನಲ್ಲಿ.
ದಿನ 6: ಬೆಳಿಗ್ಗೆ ಆರಕ್ಕೆ ಕುಳಿಯೊಳಗೆ ಇಳಿದು, ಮಧ್ಯಾಹ್ನ ಮೇಲೆ ಬಂದು, ಸಂಜೆಗೆ ಅರುಷಾ.
ದಿನ 7: ವಿಮಾನದಲ್ಲಿ ಜಾಂಜಿಬಾರ್, ರಾತ್ರಿ ಅಲ್ಲಿನ ಹಳೆಯ ಪಟ್ಟಣವಾದ ಸ್ಟೋನ್ ಟೌನ್‌ನಲ್ಲಿ.
ದಿನ 8, 9, 10: ಬೀಚ್.
ದಿನ 11: ಜಾಂಜಿಬಾರ್‌ನಿಂದಲೇ ಭಾರತಕ್ಕೆ.

ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಹೋಗುವವರು, ನದಿ ದಾಟುವುದನ್ನು ನೋಡಲೇಬೇಕು ಎನ್ನುವವರು, ಈ ಚೌಕಟ್ಟಿಗೆ ಕೊಗಾಟೆಂಡೆಯಲ್ಲಿ ಎರಡು ರಾತ್ರಿ ಸೇರಿಸಿ. ಸೆರೊನೆರಾದಲ್ಲಿ ಮಲಗಿ ಬೆಳಿಗ್ಗೆ ಹೋಗಿ ಸಂಜೆ ಬರುತ್ತೇವೆ ಎಂದು ಆಪರೇಟರ್ ಹೇಳಿದರೆ ಒಪ್ಪಬೇಡಿ. ದಾರಿಯಲ್ಲೇ ದಿನ ಸವೆಯುತ್ತದೆ. ಅಲ್ಲಿ ಹೋಗಿಯೂ ದಾಟುವುದು ಕಾಣುತ್ತದೆ ಎಂಬ ಖಾತ್ರಿ ಯಾರೂ ಕೊಡಲಾರರು. ಮಂದೆ ದಡಕ್ಕೆ ಬಂದು ನಾಲ್ಕು ಗಂಟೆ ನಿಂತು ವಾಪಸ್ ಹೋಗುವುದೂ ಉಂಟು.

ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದರೆ ಕ್ರಮವನ್ನು ಹೀಗೆ ಬದಲಿಸಿ: ಟರಂಗೀರೆ, ಕುಳಿ, ಕೊನೆಗೆ ಸೆರೆಂಗೆಟಿ. ಅಲ್ಲಿಂದ ಸೆರೊನೆರಾದ ಮಣ್ಣಿನ ರನ್‌ವೇಯಿಂದಲೇ ಸಣ್ಣ ವಿಮಾನದಲ್ಲಿ, ಸಾಮಾನ್ಯವಾಗಿ ಅರುಷಾ ಮೂಲಕ, ಜಾಂಜಿಬಾರ್. ಇದಕ್ಕೆ ‘ಬುಶ್ ಫ್ಲೈಟ್’ ಎನ್ನುತ್ತಾರೆ. ಬಂದ ದಾರಿಯಲ್ಲೇ ಇಡೀ ದಿನ ವಾಪಸ್ ಕುಲುಕುವುದು ತಪ್ಪುತ್ತದೆ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ನಮ್ಮ ಓಟು ಇದಕ್ಕೇ.

ಇನ್ನು 24 ಗಂಟೆಯ ಲೆಕ್ಕ. ಉದ್ಯಾನದೊಳಗೆ ಉಳಿಯುವವರಿಗೆ ಪರ್ಮಿಟ್ ಕ್ಯಾಲೆಂಡರ್ ದಿನಕ್ಕಲ್ಲ, ಗೇಟಿನಲ್ಲಿ ದಾಖಲಾದ ಗಂಟೆಯಿಂದ 24 ಗಂಟೆಗೆ. ಮೂರನೆಯ ದಿನ ಮಧ್ಯಾಹ್ನ 1ಕ್ಕೆ ನಾಬಿ ಹಿಲ್‌ನಲ್ಲಿ ಒಳಗೆ ಹೋದಿರಿ, ಎರಡು ದಿನದ ಪರ್ಮಿಟ್ ಇದೆ ಎಂದುಕೊಳ್ಳಿ. ಐದನೆಯ ದಿನ ಮಧ್ಯಾಹ್ನ 1ರೊಳಗೆ ಅದೇ ಗೇಟಿನಿಂದ ಹೊರಗಿರಬೇಕು. ಸೆರೊನೆರಾದಿಂದ ಗೇಟಿಗೆ ಒಂದೂವರೆ ಗಂಟೆ ದಾರಿ. ಅಂದರೆ ಬೆಳಿಗ್ಗೆ ಹನ್ನೊಂದಕ್ಕೆ ನೀವು ಹೊರಟಿರಬೇಕು, ಹನ್ನೊಂದಕ್ಕೆ ಮರದ ಮೇಲೆ ಚಿರತೆ ಕಂಡರೂ ಸರಿ. ಆಗ ಡ್ರೈವರ್ ಗಡಿಯಾರ ನೋಡುತ್ತಿದ್ದರೆ ಬೈಯಬೇಡಿ, ತಡವಾದರೆ ಇನ್ನೊಂದು ದಿನದ ಹಣ ಕಟ್ಟಬೇಕಾಗುತ್ತದೆ. ಉಪಾಯ ಸರಳ: ಮೂರನೆಯ ದಿನ ಗೇಟಿಗೆ ಬೇಗ ತಲುಪಿದರೆ, ಒಳಗೆ ಹೋಗುವ ಅವಸರ ಬಿಟ್ಟು ಅಲ್ಲಿನ ಬಂಡೆಗುಡ್ಡದ ಕೆಳಗೆ ಕೂತು ಡಬ್ಬಿ ಊಟ ಮುಗಿಸಿ. ನೀಲಿ ಮಿರುಗುವ ಸ್ಟಾರ್ಲಿಂಗ್ ಹಕ್ಕಿಗಳು ನಿಮ್ಮ ತಟ್ಟೆಗೇ ಬರುತ್ತವೆ. ಊಟವಾದ ಮೇಲೆ ಪರ್ಮಿಟ್ ದಾಖಲಿಸಿಕೊಳ್ಳಿ. ಹೊರಡುವ ದಿನ ಅಷ್ಟು ಹೊತ್ತು ಹೆಚ್ಚಿಗೆ ಸಿಗುತ್ತದೆ.

3. ಕೊಟೇಶನ್ ಓದುವುದು ಹೇಗೆ

‘ಐದು ದಿನ, ಇಬ್ಬರಿಗೆ, ಎಲ್ಲ ಸೇರಿ ಇಷ್ಟು ಡಾಲರ್’ ಎಂದು ಬಂದ ಇಮೇಲ್ ನೋಡಿದ ಕೂಡಲೇ ಸರ್ಕಾರಕ್ಕೆ ಹೋಗುವ ಹಣವೆಷ್ಟು ಎಂದು ನೀವೇ ಕೂಡಿ. ಹೆಚ್ಚು ಜನ ಬರುವ ಕಾಲದ ದರದಲ್ಲಿ, ಎಲ್ಲಕ್ಕೂ 18% ವ್ಯಾಟ್ ಸೇರಿಸಿ, ಇಬ್ಬರು ದೊಡ್ಡವರಿಗೆ:

ಟರಂಗೀರೆ, ಒಂದು ದಿನ, ತಲಾ 50 ಡಾಲರ್: 118
ಸೆರೆಂಗೆಟಿ, ಎರಡು ದಿನ, ತಲಾ 70: 330
ಸೆರೆಂಗೆಟಿಯೊಳಗೆ ಎರಡು ರಾತ್ರಿಯ ಕನ್ಸೆಷನ್ ಫೀ, ತಲಾ 60: 283
ಎನ್‌ಗೊರೊಂಗೊರೊ ಪ್ರವೇಶ, ಎರಡು ಸಲ, ತಲಾ 60: 283
ಕುಳಿಗೆ ಇಳಿಯುವ ಶುಲ್ಕ, ಗಾಡಿಗೆ 250: 295

ಒಟ್ಟು 1,300 ಡಾಲರ್ ದಾಟಿತು. ಕನ್ಸೆಷನ್ ಫೀ ಎಂದರೆ ಉದ್ಯಾನದೊಳಗಿನ ಲಾಡ್ಜ್ ಅಥವಾ ಕ್ಯಾಂಪಿನಲ್ಲಿ ಮಲಗುವುದಕ್ಕೆ ಸರ್ಕಾರಕ್ಕೆ ಕಟ್ಟುವ ರಾತ್ರಿಯ ಶುಲ್ಕ, ರೂಮಿನ ಬಾಡಿಗೆ ಬೇರೆ. ಸೆರೆಂಗೆಟಿಗೆ ಹೋಗುವ ರಸ್ತೆ ಎನ್‌ಗೊರೊಂಗೊರೊ ಒಳಗಿಂದಲೇ ಹಾಯುವುದರಿಂದ, ಸುಮ್ಮನೆ ದಾಟಿ ಹೋಗುವುದಕ್ಕೂ ಅಲ್ಲಿನ ಪ್ರವೇಶ ಶುಲ್ಕ ಕಟ್ಟಬೇಕು. ಅದಕ್ಕೇ ಎರಡು ಸಲ. ಐದನೆಯ ರಾತ್ರಿ ಅಂಚಿನ ಬದಲು ಕರಾಟುವಿನಲ್ಲಿ ಮಲಗಿದರೆ ವಸತಿ ಅಗ್ಗ, ಆದರೆ ಸಂರಕ್ಷಿತ ಪ್ರದೇಶದಿಂದ ಹೊರಬಂದು ಬೆಳಿಗ್ಗೆ ಮತ್ತೆ ಒಳಗೆ ಹೋಗುತ್ತೀರಿ. ಆ ಪರ್ಮಿಟ್ ಸೇರಿಸಿದ್ದಾರೋ ಇಲ್ಲವೋ ಬಾಯಿಬಿಟ್ಟು ಕೇಳಿ. ಅಲ್ಲಿನ ಹಣಕಾಸು ವರ್ಷ ಜುಲೈ 1ಕ್ಕೆ ಶುರು, ದರ ಬದಲಾಗುವುದಿದ್ದರೆ ಸಾಮಾನ್ಯವಾಗಿ ಆಗಲೇ. ಬುಕ್ ಮಾಡುವ ಮುನ್ನ ಹೊಸ ಪಟ್ಟಿ ತರಿಸಿಕೊಳ್ಳಿ. 5 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ, 15ರವರೆಗೆ ಕಡಿಮೆ ದರ.

ಇಷ್ಟಾದ ಮೇಲೆ ಯಾರಾದರೂ ಇಬ್ಬರಿಗೆ ಒಟ್ಟು 1,700 ಡಾಲರಿಗೆ ಖಾಸಗಿ ಗಾಡಿಯ ಸಫಾರಿ ಕೊಡುತ್ತೇವೆ ಎಂದರೆ, ಉಳಿದ ನಾನೂರರಲ್ಲಿ ಗಾಡಿ, ಡೀಸೆಲ್, ಡ್ರೈವರ್, ನಾಲ್ಕು ರಾತ್ರಿ ವಸತಿ, ಊಟ ಎಲ್ಲಿಂದ ಬಂತು? ಒಂದೋ ಮಲಗುವ ಜಾಗ ಉದ್ಯಾನದಿಂದ ದೂರ ಇದೆ, ಇಲ್ಲವೇ ಕುಳಿಗೆ ಇಳಿಯುವುದು ಪಟ್ಟಿಯಲ್ಲಿಲ್ಲ, ಇಲ್ಲವೇ ನಿಮ್ಮನ್ನು ಅಪರಿಚಿತರ ಜೊತೆ ತುಂಬುತ್ತಾರೆ. ಅಂದಾಜು ಹೇಳುವುದಾದರೆ, ಗುಂಪಿನಲ್ಲಿ ಟೆಂಟ್ ಹಾಕಿಕೊಂಡು ಹೋಗುವುದಕ್ಕೆ ತಲಾ ದಿನಕ್ಕೆ 250 ಡಾಲರ್ ಆಸುಪಾಸು, ಸುಮಾರಾದ ಲಾಡ್ಜ್‌ಗಳಲ್ಲಿ ಖಾಸಗಿ ಗಾಡಿಯೊಂದಿಗೆ 350ರಿಂದ 500. ಅದರ ಮೇಲಕ್ಕೆ ಮಿತಿಯಿಲ್ಲ. ನಾಲ್ವರಾದರೆ ಗಾಡಿಯ ಖರ್ಚು, ಕುಳಿಯ 295 ಎರಡೂ ಹಂಚಿಹೋಗುತ್ತವೆ. ಹಾಗಾಗಿ ಎರಡು ಕುಟುಂಬ ಕೂಡಿ ಹೋಗುವುದು ಜಾಣತನ, ಆದರೆ ಲ್ಯಾಂಡ್ ಕ್ರೂಸರ್‌ನಲ್ಲಿ ಪ್ರತಿಯೊಬ್ಬರಿಗೂ ಕಿಟಕಿ ಸೀಟು ಎಂದು ಬರೆಸಿಕೊಳ್ಳಿ.

ಕೊಟೇಶನ್‌ನಲ್ಲಿ ಇವು ಸ್ಪಷ್ಟವಾಗಿರಬೇಕು: ಪ್ರತಿ ರಾತ್ರಿಯ ಲಾಡ್ಜಿನ ಹೆಸರು (‘ಅದೇ ಮಟ್ಟದ್ದು’ ಎಂಬ ಮಾತು ಸಾಲದು), ಎಲ್ಲ ಶುಲ್ಕ ಮತ್ತು ವ್ಯಾಟ್, ಮೇಲ್ಛಾವಣಿ ಎತ್ತುವ 4x4 ಗಾಡಿ, ‘ಫುಲ್ ಬೋರ್ಡ್’ ಅಂದರೆ ಮೂರು ಹೊತ್ತಿನ ಊಟ, ಕಿಲೋಮೀಟರ್ ಮಿತಿ ಇಲ್ಲದ ‘ಗೇಮ್ ಡ್ರೈವ್’ ಅಂದರೆ ಪ್ರಾಣಿ ನೋಡುವ ಸುತ್ತಾಟ. ಟಿಪ್ಸ್ ಎಂದಿಗೂ ಸೇರಿರುವುದಿಲ್ಲ. ಡ್ರೈವರ್-ಗೈಡ್‌ಗೆ ಇಡೀ ಗಾಡಿಯಿಂದ ದಿನಕ್ಕೆ 20–25 ಡಾಲರ್ ವಾಡಿಕೆ, ಅಡುಗೆಯವರಿದ್ದರೆ ಅವರಿಗೆ ಬೇರೆ.

4. ಆಪರೇಟರ್, ಹಣ ಕಳಿಸುವುದು

ಬೆಂಗಳೂರಿನ ಟ್ರಾವೆಲ್ ಏಜೆಂಟರ ಮೂಲಕ ಹೋದರೂ ಅಲ್ಲಿ ಗಾಡಿ ಓಡಿಸುವುದು ಅರುಷಾದ ಕಂಪನಿಯೇ. ನೇರವಾಗಿ ಬುಕ್ ಮಾಡುವುದಾದರೆ ಟಾಲಾ ಲೈಸೆನ್ಸ್ ಸಂಖ್ಯೆ ಕೇಳಿ. ಅದು ಪ್ರವಾಸೋದ್ಯಮ ನಡೆಸಲು ಅಲ್ಲಿನ ಸರ್ಕಾರ ಕೊಡುವ ಪರವಾನಗಿ; ಈಗ ಅಧಿಕೃತ ಹೆಸರು ಬೇರೆಯಾದರೂ ಜನ ಹಳೆಯ ಹೆಸರನ್ನೇ ಬಳಸುತ್ತಾರೆ. ಟಾಟೊ ಎಂಬ ಆಪರೇಟರುಗಳ ಸಂಘದ ಸದಸ್ಯರೇ ಎಂದೂ ನೋಡಿ.

ಮುಂಗಡ 30% ಸಾಮಾನ್ಯ. ಕಂಪನಿಯ ಹೆಸರಿನ ಖಾತೆಗೆ ಮಾತ್ರ ಕಳಿಸಿ, ವ್ಯಕ್ತಿಯ ಹೆಸರಿನ ಖಾತೆಗೆ ಬೇಡ. ಬ್ಯಾಂಕಿನಲ್ಲಿ ವಿದೇಶಕ್ಕೆ ಹಣ ಕಳಿಸಲು ತುಂಬುವ ಎ2 ಫಾರಂ, ಪ್ಯಾನ್, ಇನ್ವಾಯ್ಸ್ ಕೇಳುತ್ತಾರೆ. ವಿದೇಶ ಪ್ರವಾಸದ ಹಣಕ್ಕೆ ಟಿಸಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, ಬೀಳಬಹುದು. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗಿದೆ, ಬ್ಯಾಂಕಿನಲ್ಲೇ ಕೇಳಿ. ಆ ಹಣ ಎಲ್ಲಿಗೂ ಹೋಗುವುದಿಲ್ಲ, ರಿಟರ್ನ್ಸ್ ಹಾಕುವಾಗ ಹೊಂದಾಣಿಕೆ ಆಗುತ್ತದೆ.

5. ವಿಮಾನ, ವೀಸಾ, ವಿಮೆ

ಟಿಕೆಟ್ ಹುಡುಕುವಾಗ ‘ರೌಂಡ್ ಟ್ರಿಪ್’ ಒತ್ತಬೇಡಿ, ‘ಮಲ್ಟಿ ಸಿಟಿ’ ಒತ್ತಿ: ಹೋಗುವುದು ಕಿಲಿಮಂಜಾರೊಗೆ, ಬರುವುದು ಜಾಂಜಿಬಾರ್‌ನಿಂದ. ಹೀಗೆ ಒಂದು ಊರಿಗೆ ಇಳಿದು ಇನ್ನೊಂದು ಊರಿಂದ ಹತ್ತುವ ಟಿಕೆಟ್‌ಗೆ ‘ಓಪನ್ ಜಾ’ ಎನ್ನುತ್ತಾರೆ. ಇಥಿಯೋಪಿಯನ್ (ಅಡಿಸ್ ಅಬಾಬಾ ಮೂಲಕ), ಕತಾರ್ (ದೋಹಾ ಮೂಲಕ) ಎರಡೂ ಈ ಎರಡೂ ನಿಲ್ದಾಣಗಳಿಗೆ ಹಾರುತ್ತವೆ.

ಇ-ವೀಸಾ 50 ಡಾಲರ್, ಒಂದು ಸಲದ ಪ್ರವೇಶ. ಜಾಂಜಿಬಾರ್‌ಗೆ ಪ್ರತ್ಯೇಕ ವೀಸಾ ಬೇಡ. ಹುಡುಕಿದಾಗ ಮೊದಲು ಕಾಣುವ ತಾಣಗಳಲ್ಲಿ ದುಪ್ಪಟ್ಟು ಕೀಳುವ ದಲ್ಲಾಳಿಗಳಿರುತ್ತಾರೆ. ಅಸಲಿ ತಾಣದ ವಿಳಾಸ ‘ಗೋ ಡಾಟ್ ಟಿಜೆಡ್’ ಎಂದು ಕೊನೆಯಾಗುತ್ತದೆ. ಮೂರ್ನಾಲ್ಕು ವಾರ ಮೊದಲೇ ಅರ್ಜಿ ಹಾಕಿ. ನಮ್ಮ ಕಡೆಯವರಿಗೆ ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟ್ ಬಹಳ. ಇನಿಷಿಯಲ್ ಅನ್ನು ವೀಸಾದಲ್ಲಿ ಒಂದು ರೀತಿ, ಟಿಕೆಟ್‌ನಲ್ಲಿ ಇನ್ನೊಂದು ರೀತಿ ಬಿಡಿಸಿ ಬರೆದು ಚೆಕ್-ಇನ್ ಕೌಂಟರಿನಲ್ಲಿ ಒದ್ದಾಡುವುದು ಬೇಡ. ಪಾಸ್‌ಪೋರ್ಟಿನಲ್ಲಿ ಇರುವುದೇ ಎಲ್ಲ ಕಡೆ ಇರಲಿ.

ಜಾಂಜಿಬಾರ್‌ಗೆ ವೀಸಾ ಬೇಡವಾದರೂ ವಿಮೆ ಬೇಕು. 2024ರ ಅಕ್ಟೋಬರ್ 1ರಿಂದ ವಿದೇಶಿಯರು ಅಲ್ಲಿನ ಸರ್ಕಾರಿ ವಿಮೆಯನ್ನೇ ಕೊಳ್ಳಬೇಕು, ದೊಡ್ಡವರಿಗೆ 44 ಡಾಲರ್. ಇಲ್ಲಿಂದ ಮಾಡಿಸಿಕೊಂಡ ಟ್ರಾವೆಲ್ ಇನ್ಶೂರೆನ್ಸ್ ಇದ್ದರೂ ಬಿಡುವುದಿಲ್ಲ. ಮೊದಲೇ ಆನ್‌ಲೈನ್‌ನಲ್ಲಿ ಕೊಂಡು ಪ್ರತಿ ಇಟ್ಟುಕೊಳ್ಳಿ. ಹಾಗೆಂದು ಇಲ್ಲಿನ ವಿಮೆ ಬಿಡಬೇಡಿ, ಕಾಡಿನಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಅದರಲ್ಲಿ ಸೇರಿದೆಯೇ ನೋಡಿ.

6. ಹಳದಿ ಕಾರ್ಡು ಮತ್ತು ಮಲೇರಿಯಾ

ಹಳದಿ ಜ್ವರದ ಲಸಿಕೆ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಬೇಕು, ಬೇಡ ಎಂಬ ವಾದ ಮುಗಿಯುವುದೇ ಇಲ್ಲ. ನಮ್ಮ ಸಲಹೆ, ಹಾಕಿಸಿಕೊಂಡು, ಅದರ ಪ್ರಮಾಣಪತ್ರವಾದ ಹಳದಿ ಕಾರ್ಡು ಪಡೆದುಬಿಡಿ. ಇಥಿಯೋಪಿಯಾ, ಕೀನ್ಯಾ ಎರಡೂ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶಗಳು. ಅಲ್ಲಿಂದ ಬಂದವರನ್ನು, ಅಲ್ಲಿ 12 ಗಂಟೆಗಿಂತ ಹೆಚ್ಚು ಹೊತ್ತು ಕಳೆದು ಬಂದವರನ್ನು ಟಾಂಜಾನಿಯಾ ಕಾರ್ಡು ಕೇಳುತ್ತದೆ. ಅಂಥ ದೇಶಗಳಿಂದ ಕಾರ್ಡಿಲ್ಲದೆ ಮರಳಿದವರನ್ನು ಭಾರತ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ವಿಮಾನ ತಪ್ಪಿ ಅಡಿಸ್‌ನಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ ನಿಮ್ಮ ಇಡೀ ಲೆಕ್ಕ ತಲೆಕೆಳಗು.

ಇದು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಬೆಂಗಳೂರಿನಲ್ಲಿ ಇದೆ. ನಿಗದಿತ ದಿನಗಳಂದು ಮಾತ್ರ ಹಾಕುವುದರಿಂದ ತಿಂಗಳ ಮೊದಲೇ ಹೋಗಿ. ಹಾಕಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡು ಊರ್ಜಿತ, ಆಮೇಲೆ ಜೀವನಪರ್ಯಂತ. ಒಂಬತ್ತು ತಿಂಗಳೊಳಗಿನ ಮಗುವಿಗೆ, ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ ಹಾಕುವುದಿಲ್ಲ. 60 ದಾಟಿದವರು, ಬಸುರಿಯರು ಮೊದಲು ವೈದ್ಯರನ್ನು ಕೇಳಲಿ.

ಮಲೇರಿಯಾಕ್ಕೆ ಲಸಿಕೆಯಲ್ಲ, ಮಾತ್ರೆ. ವೈದ್ಯರು ಸಾಮಾನ್ಯವಾಗಿ ಎರಡರಲ್ಲಿ ಒಂದು ಬರೆದುಕೊಡುತ್ತಾರೆ. ಅಟೊವಾಕೋನ್-ಪ್ರೊಗ್ವಾನಿಲ್ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಬಂದ ಮೇಲೆ ಏಳು ದಿನ ನುಂಗಬೇಕು. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಬಂದ ಮೇಲೆ ನಾಲ್ಕು ವಾರ ಮುಂದುವರಿಸಬೇಕು, ಜೊತೆಗೆ ಬಿಸಿಲಿಗೆ ಚರ್ಮ ಬೇಗ ಸುಡುವಂತೆ ಮಾಡುತ್ತದೆ. ಮುಂದೆ ಬೀಚ್ ಇದೆ ಎಂದು ವೈದ್ಯರಿಗೆ ಹೇಳಿ.

7. ಬ್ಯಾಗು: 15 ಕಿಲೋ

ಸಣ್ಣ ವಿಮಾನಗಳಲ್ಲಿ ತಲಾ 15 ಕಿಲೋ, ಕೈಚೀಲವೂ ಸೇರಿ. ಗಟ್ಟಿ ಸೂಟ್‌ಕೇಸ್ ಅದರ ಹೊಟ್ಟೆಯೊಳಗೆ ಹೋಗುವುದಿಲ್ಲ, ಮೆತ್ತನೆಯ ಬಟ್ಟೆಯ ಬ್ಯಾಗೇ ಬೇಕು. ‘ಉಳಿದ ಲಗೇಜ್ ಅರುಷಾದ ಆಫೀಸಿನಲ್ಲಿ ಬಿಡಿ’ ಎನ್ನುವ ಸಲಹೆ ಕೇಳುತ್ತೀರಿ. ನೆನಪಿಡಿ, ನೀವು ಮನೆಗೆ ಹೊರಡುವುದು ಜಾಂಜಿಬಾರ್‌ನಿಂದ, ಅರುಷಾಕ್ಕೆ ಮತ್ತೆ ಬರುವುದೇ ಇಲ್ಲ.

ಬಟ್ಟೆ ಖಾಕಿ, ಬೂದು, ಮಾಸಲು ಹಸಿರು. ಕಡು ನೀಲಿ ಮತ್ತು ಕಪ್ಪು ಬೇಡ: ಸೆಟ್ಸೆ ನೊಣ ಆ ಬಣ್ಣಗಳಿಗೇ ಮುತ್ತುತ್ತದೆ. ಕಾಡಿನ ದಾರಿಯಲ್ಲಿ ಮರಕ್ಕೆ ನೀಲಿ-ಕಪ್ಪು ಬಟ್ಟೆ ತೂಗುಹಾಕಿರುವುದು ಕಾಣುತ್ತದೆ, ಅದು ಆ ನೊಣ ಹಿಡಿಯುವ ಬಲೆ. ನೀವೇ ಬಲೆಯಾಗಬೇಡಿ. ಅದರ ಕಡಿತ ಜೀನ್ಸ್ ದಾಟಿ ಚುಚ್ಚುತ್ತದೆ, ಸೊಳ್ಳೆಯ ಕ್ರೀಮಿಗೆ ಸೊಪ್ಪು ಹಾಕುವುದಿಲ್ಲ. ಸೈನಿಕರ ಚಿತ್ತಾರದ ಬಟ್ಟೆಯೂ ಬೇಡ. ಅಂಚಿನ ಮೇಲೆ ರಾತ್ರಿ ಮಡಿಕೇರಿಯ ಜನವರಿಯಷ್ಟು ಚಳಿ, ಸ್ವೆಟರ್ ಇರಲಿ.

ಒಬ್ಬೊಬ್ಬರಿಗೂ ಒಂದೊಂದು ದುರ್ಬೀನು, 8x42 ಸಾಕು. ಮನೆಗೊಂದೇ ಒಯ್ದರೆ ಚಿರತೆ ಮರದಿಂದ ಇಳಿಯುವ ಹೊತ್ತಿಗೆ ಅದು ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತದೆ. ನಮ್ಮ ಪ್ಲಗ್ ಅಲ್ಲಿ ಎಲ್ಲ ಕಡೆ ಕೂರುವುದಿಲ್ಲ, ಬ್ರಿಟಿಷ್ ಮಾದರಿಯ ಮೂರು ಚೌಕ ಪಿನ್ನಿನ ಅಡಾಪ್ಟರ್ ತನ್ನಿ. ಡ್ರೋನ್ ಮನೆಯಲ್ಲೇ ಬಿಡಿ. ಡಾಲರ್ ನೋಟುಗಳು 2013ರ ನಂತರದವು, ಹರಿಯದ, ಬರೆಯದವು ಇರಲಿ, ಟಿಪ್ಸ್‌ಗೆ ಚಿಲ್ಲರೆ. ಅಂಗಡಿ, ಟ್ಯಾಕ್ಸಿಗಳಿಗೆ ಅಲ್ಲಿನ ಶಿಲಿಂಗ್ ಬಳಸಿ.

ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ದೇಶದೊಳಗೆ 2019ರ ಜೂನ್ 1ರಿಂದ ನಿಷಿದ್ಧ. ಚಟ್ನಿಪುಡಿ, ಕೋಡುಬಳೆ, ಅವಲಕ್ಕಿಯನ್ನು ಕವರಿನೊಳಗೆ ಕವರು ಹಾಕಿ ಕಟ್ಟುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಡಬ್ಬಿಯಲ್ಲಿ ಹಾಕಿ.

8. ಕಾಡಿನೊಳಗೆ

ಕಬಿನಿ, ಬಂಡೀಪುರದ ಸಫಾರಿಯ ಅಭ್ಯಾಸವಿದ್ದವರಿಗೆ ಒಂದು ವ್ಯತ್ಯಾಸ: ಇಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಪಾಳಿಯಲ್ಲ. ಗಾಡಿ ಇಡೀ ದಿನ ನಿಮ್ಮದು. ಊಟದ ಡಬ್ಬಿ ಜೊತೆಗೇ ಬರುತ್ತದೆ. ಹೊರಡುವ ಮೊದಲೇ ಗೈಡ್ ಜೊತೆ ಒಂದು ಮಾತಾಡಿಕೊಳ್ಳಿ: ಪಟ್ಟಿ ಮುಗಿಸುವ ಓಟ ಬೇಡ, ಒಂದು ಕಡೆ ಸಿಂಹದ ಹಿಂಡು ಕಂಡರೆ ಒಂದು ಗಂಟೆ ಕಾಯಲು ತಯಾರಿದ್ದೇವೆ ಎಂದು. ರಸ್ತೆ ಬಿಟ್ಟು ಹುಲ್ಲಿಗೆ ಇಳಿಸಿ ಎಂದು ಒತ್ತಾಯಿಸಬೇಡಿ. ಸೆರೆಂಗೆಟಿಯಲ್ಲಿ ಅದು ನಿಷಿದ್ಧ, ದಂಡ ಬೀಳುವುದು ಅವನ ಮೇಲೆ. ಬಯಲಲ್ಲಿ ‘ಹೊರಗೆ’ ಹೋಗಬೇಕಾದರೆ ‘ಕುಚಿಂಬಾ ದಾವಾ’ ಎನ್ನಿ, ಅಂದರೆ ಔಷಧಿ ಬೇರು ಅಗೆಯುವುದು. ಆತ ಸುತ್ತ ನೋಡಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸುತ್ತಾನೆ. ಅವನು ಹೇಳುವವರೆಗೆ ಬಾಗಿಲು ತೆಗೆಯಬೇಡಿ.

ಎನ್‌ಗೊರೊಂಗೊರೊ ಕುಳಿ ಸುಮಾರು 600 ಮೀಟರ್ ಆಳ, ತಳದ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ಕಪ್ಪು ಘೇಂಡಾಮೃಗ ಕಾಣುವ ಅವಕಾಶ ಹೆಚ್ಚಿರುವುದು ಇಲ್ಲೇ, ಅದೂ ಮೊದಲ ಗಂಟೆಗಳಲ್ಲಿ, ಅದಕ್ಕೇ ಆರಕ್ಕೆ ಇಳಿಯಿರಿ ಎಂದಿದ್ದು. ಜಿರಾಫೆ ಹುಡುಕಿ ಹೊತ್ತು ಕಳೆಯಬೇಡಿ, ಕಡಿದಾದ ಗೋಡೆ ಇಳಿದು ಅವು ಬರುವುದಿಲ್ಲ. ನೀರಾನೆಗಳಿರುವ ಎನ್‌ಗೊಯಿಟೊಕಿಟೊಕ್ ಕೊಳದ ಬಳಿ ಗಾಡಿ ಇಳಿಯಲು ಬಿಡುತ್ತಾರೆ. ಆದರೆ ಊಟ ಗಾಡಿಯೊಳಗೇ ಆಗಲಿ, ಅಲ್ಲಿನ ಹದ್ದುಗಳು ಕೈಯಲ್ಲಿರುವ ಸ್ಯಾಂಡ್‌ವಿಚ್ ಅನ್ನು ಹಿಂದಿನಿಂದ ಬಂದು ಎಗರಿಸುತ್ತವೆ, ಉಗುರು ತಾಗಿದರೆ ಗಾಯ.

ಊಟದ ಮಾತು. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು, ಕೋಳಿ ಬರಬಹುದು, ಏಕೆಂದರೆ ‘ನ್ಯಾಮಾ’ ಎಂದರೆ ಅಲ್ಲಿ ದನ, ಆಡಿನ ಮಾಂಸ. ಹೀಗೆ ಹೇಳಿ: ‘ಸಿಲಿ ನ್ಯಾಮಾ, ಕುಕು, ವಲಾ ಸಮಾಕಿ’, ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ. ಮೊಟ್ಟೆ ಬೇಡದವರು ‘ಮಯಾಯಿ’ ಸೇರಿಸಿ. ‘ವಾಲಿ ನ ಮಹರಗೆ’ ಅಂದರೆ ಅನ್ನ ಮತ್ತು ಹುರುಳಿಕಾಯಿ ಬೀಜದ ಗೊಜ್ಜು, ಎಲ್ಲ ಕಡೆ ಸಿಗುತ್ತದೆ. ಚಪಾತಿಗೆ ಅಲ್ಲೂ ಚಪಾತಿ ಎಂದೇ ಹೆಸರು. ಮಧ್ಯಾಹ್ನದ ಡಬ್ಬಿಯಲ್ಲಿ ಮಾತ್ರ ಕೋಳಿ ತುಂಡು ಅಭ್ಯಾಸಬಲದಿಂದ ಬಂದುಬಿಡುತ್ತದೆ, ಹಿಂದಿನ ರಾತ್ರಿ ಅಡುಗೆಮನೆಗೆ ಮತ್ತೊಮ್ಮೆ ನೆನಪಿಸಿ.

ಗಂಟೆಯಲ್ಲೂ ಒಂದು ಗೊಂದಲವಿದೆ. ಸ್ವಾಹಿಲಿ ಗಂಟೆ ಸೂರ್ಯೋದಯದಿಂದ ಎಣಿಕೆ, ನಮ್ಮ ಹಳೆಯ ಘಳಿಗೆ ಲೆಕ್ಕದ ಹಾಗೆ. ‘ಸಾ ತಾತು’ ಎಂದರೆ ಅಕ್ಷರಶಃ ಮೂರು ಗಂಟೆ, ಅರ್ಥ ಬೆಳಗಿನ ಒಂಬತ್ತು. ಟ್ಯಾಕ್ಸಿಯವರ ಜೊತೆ ಸಮಯ ಗೊತ್ತು ಮಾಡುವಾಗ ಗಡಿಯಾರ ತೋರಿಸಿ ಖಚಿತಪಡಿಸಿಕೊಳ್ಳಿ.

9. ಜಾಂಜಿಬಾರ್: ಪಂಚಾಂಗ ನೋಡಿ ಬೀಚ್ ಆರಿಸಿ

ವಿಮಾನ ಒಳದೇಶದ್ದೇ ಆದರೂ ಪಾಸ್‌ಪೋರ್ಟ್, ವಿಮೆಯ ಪ್ರತಿ ಕೈಯಲ್ಲಿರಲಿ. ಮೊದಲ ರಾತ್ರಿ ಸ್ಟೋನ್ ಟೌನ್‌ನಲ್ಲಿ ಉಳಿದು ಸಂಜೆ ಫೊರೊಧಾನಿ ತೋಟದ ಅಂಗಡಿಗಳಲ್ಲಿ ತಿನ್ನಿ. ಭಜಿಯಾ, ಕಡಲೆ ಎಲ್ಲ ಹಾಕಿದ ಹುಳಿ ಸಾರಿನಂಥ ‘ಉರೋಜೊ’ದಲ್ಲಿ ನಮ್ಮ ನಾಲಿಗೆಗೆ ಪರಿಚಯವೆನಿಸುವ ರುಚಿಯಿದೆ, ಮಾಂಸ ಹಾಕದಂತೆ ಹೇಳಿ. ಬೆನ್ನು ಬೀಳುವ ದಲ್ಲಾಳಿಗಳಿಗೆ ಅಲ್ಲಿಯವರೇ ಇಟ್ಟ ಹೆಸರು ‘ಪಪಾಸಿ’, ಅಂದರೆ ರಕ್ತ ಹೀರುವ ಉಣ್ಣೆಹುಳು. ನಕ್ಕು ಮುಂದೆ ನಡೆಯಿರಿ. ಊರೊಳಗೆ ಭುಜ, ಮಂಡಿ ಮುಚ್ಚುವ ಬಟ್ಟೆ ತೊಡಿ. ರಂಜಾನ್ ತಿಂಗಳಾದರೆ ಹಗಲು ಬೀದಿಯಲ್ಲಿ ತಿನ್ನಬೇಡಿ.

ಫೋಟೊದಲ್ಲಿ ಹಸಿರುನೀಲಿ ನೀರು ನೋಡಿ ಪೂರ್ವ ತೀರದ ಪಾಜೆ, ಜಂಬಿಯಾನಿ ಬೀಚ್‌ಗಳಲ್ಲಿ ಬುಕ್ ಮಾಡಿ, ಬೆಳಿಗ್ಗೆ ಎದ್ದು ನೋಡಿದರೆ ನೀರೇ ಇಲ್ಲ! ಎಲ್ಲರೂ ದೂರುವುದು ಇದನ್ನೇ. ಪೂರ್ವ ತೀರದಲ್ಲಿ ಇಳಿತದ ಹೊತ್ತಿಗೆ ಸಮುದ್ರ ಒಂದು ಕಿಲೋಮೀಟರ್‌ವರೆಗೂ ಹಿಂದೆ ಸರಿಯುತ್ತದೆ. ಇದು ದೋಷವಲ್ಲ, ಗೊತ್ತಿದ್ದರೆ ಸೊಗಸು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಅತಿ ಹೆಚ್ಚು: ಬೆಳಿಗ್ಗೆ ಸುಮಾರು ಹತ್ತಕ್ಕೆ ಪೂರ್ತಿ ಇಳಿತ, ಸಂಜೆ ನಾಲ್ಕರ ಸುಮಾರಿಗೆ ಭರ್ತಿ. ಅಷ್ಟಮಿಯ ಹತ್ತಿರ ಇದು ತಿರುಗುಮುರುಗು, ಬೆಳಿಗ್ಗೆಯೇ ನೀರು ದಡಕ್ಕೆ ಬರುತ್ತದೆ, ಏರಿಳಿತವೂ ಸಣ್ಣದು. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಂಡು ಬೀಚಿನ ದಿನ ಆರಿಸಬಹುದು ಎಂದರೆ ನಗಬೇಡಿ, ಕೆಲಸ ಮಾಡುತ್ತದೆ. ನಿಖರ ಗಂಟೆಗೆ ಹೋಟೆಲಿನಲ್ಲಿ ಟೈಡ್ ಟೇಬಲ್ ಕೇಳಿ.

ಇಳಿತದ ಹೊತ್ತಿಗೆ ಪಾಜೆಯಲ್ಲಿ ಹೆಂಗಸರು ಕಣಕಾಲುದ್ದ ನೀರಿನಲ್ಲಿ ಬಗ್ಗಿ, ಗೂಟಗಳ ನಡುವೆ ಬಿಗಿದ ಹಗ್ಗಕ್ಕೆ ಕಡಲಪಾಚಿ ಕಟ್ಟುತ್ತಿರುತ್ತಾರೆ. ‘ಮ್ವಾನಿ’ ಎಂಬ ಆ ಪಾಚಿ ಅವರ ಬೆಳೆ. ಹಗ್ಗ ತುಳಿಯಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ರಬ್ಬರ್ ಶೂ ಇಲ್ಲದೆ ನೀರಿಗಿಳಿಯಬೇಡಿ: ಕಪ್ಪು ಮುಳ್ಳಿನ ಕಡಲಚೆಂಡುಗಳು ಬಂಡೆಗಳ ಸಂದಿಯಲ್ಲಿರುತ್ತವೆ, ಮುಳ್ಳು ಅಂಗಾಲಿನಲ್ಲಿ ಮುರಿದರೆ ಉಳಿದ ರಜೆ ಕುಂಟುತ್ತಲೇ.

ಯಾವ ಹೊತ್ತಿಗಾದರೂ ಈಜಬೇಕು, ಮಕ್ಕಳಿದ್ದಾರೆ ಎನ್ನುವವರು ಉತ್ತರದ ನುಂಗ್ವಿ ಅಥವಾ ಕೆಂಡ್ವಾ ಆರಿಸಿ. ಅಲ್ಲಿ ಇಳಿತದಲ್ಲೂ ನೀರು ಇರುತ್ತದೆ, ಕೆಂಡ್ವಾ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸೂರ್ಯಾಸ್ತವೂ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ‘ಕುಸಿ’ ಎಂಬ ಆಗ್ನೇಯ ಗಾಳಿ ಪೂರ್ವ ತೀರಕ್ಕೆ ಬಡಿಯುತ್ತದೆ. ಕೈಟ್ ಸರ್ಫಿಂಗ್ ಮಾಡುವವರಿಗೆ ಹಬ್ಬ, ಸುಮ್ಮನೆ ಕೂರುವವರಿಗೆ ಮುಖಕ್ಕೆ ಮರಳು. ನುಂಗ್ವಿಯಲ್ಲಿ ಜನ, ಗದ್ದಲ ಹೆಚ್ಚು. ನೀರು ಬೇಕೋ ನೆಮ್ಮದಿ ಬೇಕೋ ನೀವೇ ತೀರ್ಮಾನಿಸಿ.

ಡೈವಿಂಗ್ ಮಾಡಿದವರು ಕೊನೆಯ ಡೈವ್ ಮತ್ತು ವಿಮಾನದ ನಡುವೆ 24 ಗಂಟೆ ಬಿಡಿ, ಅಂದರೆ ಹತ್ತನೆಯ ದಿನ ನೀರಿಗಿಳಿಯುವುದಿಲ್ಲ, ಅಂದು ಜೋಝಾನಿ ಕಾಡಿನ ಕೆಂಪು ಕೊಲೊಬಸ್ ಮಂಗಗಳನ್ನು ನೋಡಿ ಬನ್ನಿ. ಲವಂಗ, ಚಕ್ಕೆಯನ್ನು ಸೀಲ್ ಮಾಡಿದ ಪೊಟ್ಟಣದಲ್ಲಿ ಕೊಳ್ಳಿ. ಕಪ್ಪೆಚಿಪ್ಪು, ಹವಳ, ಆಮೆಚಿಪ್ಪು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ, ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತೀರಿ. ಹಳದಿ ಕಾರ್ಡನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ಪಾಸ್‌ಪೋರ್ಟಿನೊಳಗೇ ಮಡಚಿಟ್ಟುಕೊಳ್ಳಿ: ಬೆಂಗಳೂರಿನಲ್ಲಿ ಇಳಿದಾಗ ಅದನ್ನು ಕೇಳುವುದು ಇಮಿಗ್ರೇಶನ್‌ಗಿಂತ ಮೊದಲು, ಬ್ಯಾಗು ನಿಮ್ಮ ಕೈಗೆ ಬರುವುದು ಅದಾದ ಮೇಲೆ.